ಸರಕಾರಿ ಶಾಲೆಯೋ, ಖಾಸಗಿ ಶಾಲೆಯೋ?

ಮಗುವಿಗೆ ಯಾವ ಹೆಸರಿಡಬೇಕು ಎಂಬ ಪ್ರಶ್ನೆಗಿಂತ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂಬ ಪ್ರಶ್ನೆ ಈಚಿನ ದಿನಗಳಲ್ಲಿ ದೊಡ್ಡದಾಗಿದೆ. ನಮ್ಮ ಹಿರಿಯರಿಗೆ ಈ ತೊಡಕಿರಲಿಲ್ಲ. ಊರಿಗೊಂದು ಶಾಲೆ ಇದ್ದರೆ ಅದೇ ಭಾಗ್ಯ. ಮಗುವನ್ನು ಶಾಲೆಗೆ ಕಳುಹಿಸುವುದೋ, ದನದ ಹಿಂದೆ ಕಳುಹಿಸುವುದೋ ಎಂಬುದಷ್ಟೇ ಅವರ ಮುಂದಿದ್ದ ಪ್ರಶ್ನೆ. ನನ್ನ ತಾತನ ಮನೆಯಲ್ಲಿ ಆ ಪ್ರಶ್ನೆಗೆ ದನವೇ ಉತ್ತರವಾಯಿತು. ತಂದೆಯವರು ನಾಲ್ಕನೆಯ ತರಗತಿಗೆ ನಿಂತರು; ತಾಯಿಯವರು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಅಂಥ ಮನೆಯಿಂದ ಬಂದು ಅಂತಿಮ ಬಿ. ಎ. ತರಗತಿಯಲ್ಲಿ ಕುಳಿತಿರುವ ನಾನು ಈ ವಿಷಯವನ್ನು ಕುರಿತು ಬರೆಯಲು ಹೊರಟಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಅರಿಕೆ ಮಾಡಿಕೊಂಡು ಆಮೇಲೆ ವಿಷಯಕ್ಕೆ ಬರುತ್ತೇನೆ.

ನನ್ನ ಅಕ್ಕನನ್ನು ನಮ್ಮೂರಿನಲ್ಲಿಯೇ ಕೊಟ್ಟಿದೆ. ಆಕೆಗೆ ಇಬ್ಬರು ಮಕ್ಕಳು. ಹಿರಿಯವಳು ಮಗಳು, ಬರುವ ಜೂನ್ ತಿಂಗಳಿಗೆ ಆರು ತುಂಬುತ್ತದೆ. ಕಿರಿಯವನು ಮಗ, ನಾಲ್ಕು ವರ್ಷದವನು. ಸಂಕ್ರಾಂತಿ ರಜೆಯಲ್ಲಿ ನಾನು ಊರಿಗೆ ಹೋದಾಗ ಭಾವನವರು ತಮ್ಮ ತೀರ್ಮಾನವನ್ನು ಹೇಳಿದರು: ಮಗಳು ಊರಿನ ಸರಕಾರಿ ಶಾಲೆಗೆ, ಮಗ ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ. "ಇಬ್ಬರಿಗೂ ಕಟ್ಟೋ ಶಕ್ತಿ ಇಲ್ಲಮ್ಮ" ಎಂದರು. ರಾತ್ರಿ ಒಲೆಯ ಮುಂದೆ ಅಕ್ಕ ನನ್ನನ್ನು ಕೇಳಿದಳು: "ನಮ್ಮನೇಲಿ ಇಷ್ಟು ಓದಿದೋಳು ನೀನೊಬ್ಬಳೇ. ಊರಿನ ಶಾಲೆ ಒಳ್ಳೇದೇ ಆಗಿದ್ರೆ ಇಬ್ಬರಿಗೂ ಅದೇ ಆಗಲಿ. ಕೆಟ್ಟದ್ದಾಗಿದ್ರೆ ನನ್ನ ಮಗಳಿಗೆ ಮಾತ್ರ ಯಾಕೆ? ನೀನೇ ಹೇಳು."

ನಾನು ಆ ರಾತ್ರಿ ಉತ್ತರ ಹೇಳಲಾರದೆ ಹೋದೆ. ನಮ್ಮ ಮನೆಯಲ್ಲಿಯೂ ನಡೆದದ್ದು ಅದೇ ಆಗಿತ್ತು. ನಾನು ೨೦೧೧ರಲ್ಲಿ ಊರಿನ ಸರಕಾರಿ ಶಾಲೆಗೆ ಸೇರಿದೆ. ಮೂರು ವರ್ಷ ಕಳೆದು, ಈರುಳ್ಳಿಗೆ ಒಳ್ಳೆಯ ಬೆಲೆ ಬಂದ ವರ್ಷ, ನನ್ನ ತಮ್ಮ ಪೇಟೆಯ ಖಾಸಗಿ ಶಾಲೆಗೆ ಸೇರಿದ. ಹೀಗೆ ಒಂದೇ ಸೂರಿನ ಕೆಳಗೆ ಎರಡು ಬಗೆಯ ಶಾಲೆಗಳನ್ನೂ ಕಂಡವಳು ನಾನು. ಆದರೆ ಕಂಡದ್ದೆಲ್ಲ ತಿಳಿದದ್ದಲ್ಲ. ರಜೆ ಮುಗಿಸಿ ಬಂದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದ್ದನ್ನೂ ಅನುಭವದಿಂದ ತಿಳಿದದ್ದನ್ನೂ ಕೂಡಿಸಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲನೆಯದಾಗಿ, ಶಾಲೆಗಳಲ್ಲಿ ಎರಡೇ ಜಾತಿ ಎಂದು ನಾವು ತಿಳಿದಿರುವುದು ಸರಿಯಲ್ಲ. ಸರಕಾರವೇ ಕಟ್ಟಿ, ಸರಕಾರವೇ ಉಪಾಧ್ಯಾಯರನ್ನು ನೇಮಿಸಿ ನಡೆಸತಕ್ಕವು ಒಂದು ಬಗೆ. ಖಾಸಗಿ ಸಂಸ್ಥೆಗಳು ನಡೆಸಿದರೂ ಉಪಾಧ್ಯಾಯರ ಸಂಬಳವನ್ನು ಸರಕಾರ ಕೊಡತಕ್ಕ ಅನುದಾನಿತ ಶಾಲೆಗಳು ಎರಡನೆಯ ಬಗೆ. ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯತಕ್ಕ ಅನುದಾನರಹಿತ ಶಾಲೆಗಳು ಮೂರನೆಯವು. ಇಂದು 'ಖಾಸಗಿ' ಎಂದಾಗ ನಮ್ಮ ಮನಸ್ಸಿಗೆ ಬರುವುದು ಈ ಮೂರನೆಯ ಬಗೆ ಮಾತ್ರ. ಆದರೆ ನಮ್ಮ ನಾಡಿನಲ್ಲಿ ಖಾಸಗಿಯವರು ಶಾಲೆ ತೆರೆದದ್ದು ಹೊಸ ಸಂಗತಿಯೂ ಅಲ್ಲ, ಕೇವಲ ವ್ಯಾಪಾರಕ್ಕಾಗಿಯೂ ಅಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆಗಳನ್ನು ತೆರೆದರು. ೧೮೫೪ರ ವುಡ್ ಸಾಹೇಬರ ಸುಪ್ರಸಿದ್ಧ ಶಿಕ್ಷಣ ಪತ್ರದಿಂದ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ಕೊಡುವ ಪದ್ಧತಿ ಬೇರೂರಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸರಕಾರ ತಲುಪದ ಎಡೆಗಳಲ್ಲಿ ಮಠಗಳು, ಮಿಶನ್‌ಗಳು, ಜನಾಂಗದ ಸಂಘಗಳು ವಿದ್ಯಾರ್ಥಿನಿಲಯಗಳನ್ನೂ ಶಾಲೆಗಳನ್ನೂ ತೆರೆದು ಎಷ್ಟೋ ಬಡವರ ಮಕ್ಕಳಿಗೆ ಅಕ್ಷರ ಕೊಟ್ಟಿವೆ. ಅದನ್ನು ಮರೆತು 'ಖಾಸಗಿ ಎಂದರೆ ಸುಲಿಗೆ' ಎಂದು ಹೇಳಿಬಿಡುವುದು ನ್ಯಾಯವಾಗಲಾರದು.

ಸರಕಾರದ ಕಡೆಯಿಂದ ಹೇಳುವುದಾದರೆ, ಮೈಸೂರು ಸಂಸ್ಥಾನದಲ್ಲಿ ೧೯೧೩ರಷ್ಟು ಹಿಂದೆಯೇ ಪ್ರಾಥಮಿಕ ಶಿಕ್ಷಣಕ್ಕಾಗಿ ಶಾಸನವಾಗಿತ್ತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಹೇಳಿತು. ಹತ್ತು ವರ್ಷ ಐವತ್ತಾದವು. ೨೦೦೨ರ ೮೬ನೆಯ ತಿದ್ದುಪಡಿಯಿಂದ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ನಡೆಗೆ ತರುವ ಶಿಕ್ಷಣ ಹಕ್ಕು ಕಾಯಿದೆ ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ನಾನು ಶಾಲೆಗೆ ಸೇರಿದ್ದು ಅದರ ಮರುವರ್ಷ. ಆ ಕಾಯಿದೆಯ ಹೆಸರನ್ನು ಅಂದು ಕೇಳಿರಲಿಲ್ಲವಾದರೂ ಅದರ ನೆರಳಿನಲ್ಲಿಯೇ ಬೆಳೆದೆ.

ಇನ್ನು ಎರಡರ ಗುಣದೋಷಗಳನ್ನು ತೂಗಿ ನೋಡೋಣ.

ಸರಕಾರಿ ಶಾಲೆಯ ಮೊದಲ ಗುಣವೆಂದರೆ ಅದರ ಬಾಗಿಲು. ಜಾತಿ ಕೇಳದೆ, ದುಡ್ಡು ಕೇಳದೆ, ಮಗುವಿಗೆ ಮೊದಲೇ ಎಷ್ಟು ಬರುತ್ತದೆಂದು ಪರೀಕ್ಷೆ ಮಾಡದೆ ಅದು ತೆರೆದುಕೊಳ್ಳುತ್ತದೆ. ಪುಸ್ತಕ, ಸಮವಸ್ತ್ರ ಉಚಿತ. ಮಧ್ಯಾಹ್ನದ ಬಿಸಿಯೂಟ ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಕಡೆಗೂ ಹರಡಿತು. ನಾನು ಮೂರನೆಯ ತರಗತಿಯಲ್ಲಿದ್ದಾಗ, ೨೦೧೩ರಲ್ಲಿ, ಕ್ಷೀರಭಾಗ್ಯ ಬಂತು. ಹಾಲಿನ ಪುಡಿಯ ಆ ವಾಸನೆ ನಮಗಾರಿಗೂ ಹಿಡಿಸುತ್ತಿರಲಿಲ್ಲ. ಆದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರು ಲೋಟವನ್ನು ತಳಕಾಣುವವರೆಗೆ ಕುಡಿಯುತ್ತಿದ್ದರು, ನಾನೂ ಕುಡಿಯುತ್ತಿದ್ದೆ. ಎಂಟನೆಯ ತರಗತಿಗೆ ಬಂದಾಗ ಸರಕಾರ ಆಗ ಕೊಡುತ್ತಿದ್ದ ಸೈಕಲ್ಲು ನನಗೂ ಸಿಕ್ಕಿತು. ನಮ್ಮೂರಿನಿಂದ ಪ್ರೌಢಶಾಲೆಗೆ ಆರು ಕಿಲೋಮೀಟರು. ಆ ಸೈಕಲ್ಲು ಇಲ್ಲದಿದ್ದರೆ ಏಳನೆಯ ತರಗತಿಗೇ ನನ್ನ ಓದು ಮುಗಿಯುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ನಮ್ಮಂಥವರಿಗೆ ಅನ್ನವೂ ದಾರಿಯೂ ವಿದ್ಯೆಯ ಭಾಗವೇ.

ಎರಡನೆಯ ಗುಣ, ಉಪಾಧ್ಯಾಯರ ಅರ್ಹತೆ. ಸರಕಾರಿ ಶಾಲೆಯ ಉಪಾಧ್ಯಾಯರು ತರಬೇತಿ ಹೊಂದಿ, ಸ್ಪರ್ಧೆಯಲ್ಲಿ ಗೆದ್ದು ಬಂದವರು. ಕಲಿಸುವ ವಿಧಾನದಲ್ಲಿಯೂ ಸರಕಾರಿ ಶಾಲೆ ಹಿಂದೆ ಬಿದ್ದಿಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಮುಂದೆ ರಾಜ್ಯದಲ್ಲೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯನ್ನೇ ನೋಡಿರಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡುಗಳ ಸಹಾಯದಿಂದ, ತಮ್ಮ ತಮ್ಮ ಶಕ್ತಿಗೆ ತಕ್ಕ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತಾರೆ. ಸುಗ್ಗಿಗೆಂದು ಹದಿನೈದು ದಿನ ಶಾಲೆ ಬಿಟ್ಟ ಮಗು ಬಂದು ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಕೂಲಿಕಾರರ ಮಕ್ಕಳನ್ನು ಬಲ್ಲ ಉಪಾಧ್ಯಾಯರು ಮಾತ್ರ ಯೋಚಿಸಬಹುದಾದ ಪದ್ಧತಿ ಇದು.

ಹೀಗಿರುವಾಗ ಜನ ಸರಕಾರಿ ಶಾಲೆಯನ್ನು ಬಿಟ್ಟು ಹೋಗುತ್ತಿರುವುದೇಕೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿಂದ ಇದನ್ನು ಪೂರ್ತಿ ವಿವರಿಸಲಾಗದು. ಜನರು ಮೂಢರಲ್ಲ, ಅವರು ಕಣ್ಣಿಗೆ ಕಂಡದ್ದನ್ನು ನೋಡಿಯೇ ಹೋಗುತ್ತಾರೆ.

ನಮ್ಮೂರಿನ ಶಾಲೆಯ ಸ್ಥಿತಿಯನ್ನೇ ಹೇಳುತ್ತೇನೆ. ಅದು ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ. ನಾನು ಓದುವಾಗ ಅರವತ್ತು ದಾಟಿದ ಮಕ್ಕಳಿದ್ದರು, ಈಗ ಇಪ್ಪತ್ತಮೂರು. ಕಾಯಿದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. ಅಂದರೆ ತರಗತಿಗಳು ಐದು, ಉಪಾಧ್ಯಾಯರು ಇಬ್ಬರು. ಒಬ್ಬರು ಒಂದರಿಂದ ಮೂರನ್ನು ನೋಡಿಕೊಂಡರೆ ಮತ್ತೊಬ್ಬರು ನಾಲ್ಕು ಮತ್ತು ಐದನ್ನು ನೋಡಿಕೊಳ್ಳಬೇಕು. ಅವರಲ್ಲೊಬ್ಬರು ಮುಖ್ಯೋಪಾಧ್ಯಾಯರು, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಇಲಾಖೆ ಕೇಳಿದ ಮಾಹಿತಿ, ಎಲ್ಲವೂ ಅವರ ತಲೆಯ ಮೇಲೆ. ಚುನಾವಣೆ, ಜನಗಣತಿ ಮತ್ತು ವಿಪತ್ತು ಪರಿಹಾರದ ಕೆಲಸಗಳಿಗೆ ಉಪಾಧ್ಯಾಯರನ್ನು ಕರೆಯಲು ಕಾಯಿದೆಯೇ ಅವಕಾಶ ಕೊಟ್ಟಿದೆ. ಒಬ್ಬರು ತರಬೇತಿಗೆ ಹೋದ ದಿನ ಐದು ತರಗತಿಗಳಿಗೂ ಒಬ್ಬರೇ. ಆ ದಿನ ಪಾಠವಿಲ್ಲ, ಕಾವಲು ಮಾತ್ರ. ತಂದೆತಾಯಿಯರು ಶಾಲೆಯ ಮುಂದೆ ಹಾದುಹೋಗುವಾಗ ಕಾಣುವುದು ಆ ದಿನವನ್ನೇ. ಉಪಾಧ್ಯಾಯರು ಎಷ್ಟು ಅರ್ಹರಾದರೇನು, ತರಗತಿಯಲ್ಲಿ ಇಲ್ಲದ ಮೇಲೆ?

ಖಾಸಗಿ ಶಾಲೆಯಲ್ಲಿ ತರಗತಿಗೊಬ್ಬರಂತೆ ಉಪಾಧ್ಯಾಯರು ಕಾಣುತ್ತಾರೆ. ಮಕ್ಕಳು ಸಾಲಾಗಿ ಬರುತ್ತಾರೆ, ಬೂಟಿಗೆ ಪಾಲಿಶ್ ಇರುತ್ತದೆ, ಪ್ರತಿದಿನ ಮನೆಗೆಲಸ ಕೊಡುತ್ತಾರೆ, ತಿಂಗಳಿಗೊಂದು ಪರೀಕ್ಷೆ ನಡೆಯುತ್ತದೆ. ತಂದೆತಾಯಿ ಹೋಗಿ ಕೇಳಿದರೆ ಉತ್ತರ ಹೇಳುತ್ತಾರೆ. ಶುಲ್ಕ ಕಟ್ಟಿದವರಿಗೆ ಕೇಳುವ ಧೈರ್ಯವೂ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಂಗ್ಲೀಷು. ಇವನ್ನು ಬೆಡಗೆಂದು ತಳ್ಳಿಹಾಕುವಂತಿಲ್ಲ.

ಕಲಿಕೆಯ ಅಂಕೆಗಳೂ ಮೇಲುನೋಟಕ್ಕೆ ಖಾಸಗಿ ಶಾಲೆಯ ಕಡೆಗೇ ಇವೆ. 'ಪ್ರಥಮ್' ಸಂಸ್ಥೆಯವರು ೨೦೦೫ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸುತ್ತಿರುವ 'ಅಸರ್' ಸಮೀಕ್ಷೆಯ ೨೦೨೪ರ ವರದಿಯಂತೆ, ದೇಶದ ಗ್ರಾಮಾಂತರದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು ಸರಕಾರಿ ಶಾಲೆಯಲ್ಲಿ ನೂರಕ್ಕೆ ಸುಮಾರು ೪೫. ಖಾಸಗಿಯಲ್ಲಿ ಸುಮಾರು ೫೯. ಈ ಅಂಕೆಯನ್ನು ನೋಡಿದವರು 'ಇನ್ನೇನು ಸಾಕ್ಷಿ ಬೇಕು?' ಎನ್ನಬಹುದು. ನಾನೂ ಮೊದಲು ಹಾಗೆಯೇ ಎಂದುಕೊಂಡೆ.

ಆದರೆ ಒಕ್ಕಲುತನದ ಮನೆಯವರಿಗೆ ಇಲ್ಲಿ ಒಂದು ಸಂಶಯ ಬರಬೇಕು. ಒಂದು ಬಿತ್ತನೆ ಬೀಜವನ್ನು ನೀರಾವರಿಯ ಕಪ್ಪು ನೆಲದಲ್ಲಿಯೂ ಮತ್ತೊಂದನ್ನು ಕಲ್ಲುಭೂಮಿಯಲ್ಲಿಯೂ ಬಿತ್ತಿ, ಮೊದಲನೆಯದರ ಬೆಳೆ ಚೆನ್ನಾಗಿ ಬಂದಿತೆಂದು ಬೀಜವನ್ನು ಹೊಗಳುವುದು ಸರಿಯೆ? ಬೀಜದ ಗುಣ ತಿಳಿಯಬೇಕಾದರೆ ಎರಡನ್ನೂ ಒಂದೇ ಹೊಲದಲ್ಲಿ ಬಿತ್ತಿ ನೋಡಬೇಕು. ಖಾಸಗಿ ಶಾಲೆಗೆ ಹೋಗುವ ಮಗುವಿನ ಮನೆಯಲ್ಲಿ ದುಡ್ಡಿದೆ, ಬಹುಮಟ್ಟಿಗೆ ಓದಿದ ತಾಯಿಯಿದ್ದಾಳೆ, ಸಂಜೆಯ ಟ್ಯೂಷನ್ ಇದೆ. ಫಲ ಶಾಲೆಯದೋ, ಮನೆಯದೋ ಎಂದು ಹೇಗೆ ತಿಳಿಯುವುದು?

ಈ ಸಂಶಯಕ್ಕೆ ಉತ್ತರ ಹುಡುಕಿದವರಿದ್ದಾರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ನೆರೆಯ, ಅಂದಿನ ಅವಿಭಜಿತ ಆಂಧ್ರ ಪ್ರದೇಶದಲ್ಲಿ ೨೦೦೮ರಿಂದ ನಾಲ್ಕು ವರ್ಷ ಒಂದು ಪ್ರಯೋಗ ನಡೆಸಿದರು. ಐದು ಜಿಲ್ಲೆಗಳ ೧೮೦ ಹಳ್ಳಿಗಳಲ್ಲಿ, ಇಚ್ಛೆಪಟ್ಟ ಬಡ ಕುಟುಂಬಗಳ ನಡುವೆ ಚೀಟಿ ಎತ್ತಿ, ಚೀಟಿ ಬಂದ ಮಕ್ಕಳಿಗೆ ಖಾಸಗಿ ಶಾಲೆಯ ಖರ್ಚನ್ನು ಕೊಡಲಾಯಿತು. ಚೀಟಿ ಬಂದವರು, ಬಾರದವರು ಇಬ್ಬರೂ ಒಂದೇ ಬಗೆಯ ಮನೆಯವರು. ಅಂದರೆ ಒಂದೇ ಹೊಲ. ನಾಲ್ಕು ವರ್ಷದ ಮೇಲೆ ಪರೀಕ್ಷಿಸಿದಾಗ ತೆಲುಗಿನಲ್ಲಿಯೂ ಗಣಿತದಲ್ಲಿಯೂ ಎರಡು ಗುಂಪುಗಳಿಗೆ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೀಷಿನಲ್ಲಿಯೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಖಾಸಗಿ ಶಾಲೆಯ ಮಕ್ಕಳು ಸ್ಪಷ್ಟವಾಗಿ ಮುಂದಿದ್ದದ್ದು ಹಿಂದಿಯಲ್ಲಿ ಮಾತ್ರ. ಸರಕಾರಿ ಶಾಲೆಯ ಕೆಳತರಗತಿಗಳಲ್ಲಿ ಆ ಭಾಷೆಗೆ ಸಮಯವಿರಲಿಲ್ಲ, ಖಾಸಗಿಯಲ್ಲಿತ್ತು. ಈ ಅಧ್ಯಯನ ೨೦೧೫ರಲ್ಲಿ ಪ್ರಕಟವಾಯಿತು.

ಇದರಿಂದ ಸರಕಾರಿ ಶಾಲೆ ಗೆದ್ದಿತೆಂದು ಹಿಗ್ಗಬೇಕಾಗಿಲ್ಲ. ಅದೇ ಅಧ್ಯಯನದಲ್ಲಿ ಮತ್ತೊಂದು ಮಾತೂ ಇದೆ. ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ಖರ್ಚು ಸರಕಾರಿ ಶಾಲೆಯ ಖರ್ಚಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಉಪಾಧ್ಯಾಯರ ಸಂಬಳ ಆರನೆಯ ಒಂದು ಪಾಲಿಗಿಂತ ಕಡಿಮೆ. ಅಷ್ಟು ಕಡಿಮೆ ಖರ್ಚಿನಲ್ಲಿ, ಕಡಿಮೆ ತರಬೇತಿಯ ಉಪಾಧ್ಯಾಯರಿಂದ ಅಷ್ಟೇ ಫಲ ಬಂದಿತೆಂದರೆ ಅವರು ಸಮಯವನ್ನು ವ್ಯರ್ಥ ಮಾಡಲಿಲ್ಲವೆಂದೇ ಅರ್ಥ. ಅಲ್ಲಿ ಉಪಾಧ್ಯಾಯರ ಗೈರುಹಾಜರಿ ಕಡಿಮೆ, ಶಾಲೆಯ ದಿನ ಉದ್ದ. ಆದುದರಿಂದ ನಿಜಸ್ಥಿತಿ ಹೀಗೆ: ಸರಕಾರಿ ಶಾಲೆಯಲ್ಲಿ ಅರ್ಹತೆಯಿದೆ, ನಿಗಾ ಸಾಲದು, ಅಗ್ಗದ ಖಾಸಗಿ ಶಾಲೆಯಲ್ಲಿ ನಿಗಾ ಇದೆ, ಅರ್ಹತೆ ಸಾಲದು. ಬಡವರ ಮಗುವಿಗೆ ಎರಡೂ ಕೂಡಿದ ಶಾಲೆ ದೊರೆಯುವುದು ಅಪರೂಪ.

ಇಂಗ್ಲೀಷಿನ ಪ್ರಶ್ನೆಗೆ ಬರೋಣ. ನಮ್ಮ ರಾಜ್ಯದಲ್ಲಿ ಕಲಿಕೆಯ ಮಾಧ್ಯಮದ ವಾದ ದೀರ್ಘಕಾಲದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂಬ ೧೯೯೪ರ ಸರಕಾರದ ಆಜ್ಞೆಯನ್ನು ಖಾಸಗಿ ಶಾಲೆಗಳ ಮೇಲೆ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತೀರ್ಪಿತ್ತಿತು. ಸರಕಾರಿ ಶಾಲೆಗಳು ಒಂದನೆಯ ತರಗತಿಯಿಂದಲೇ ಇಂಗ್ಲೀಷನ್ನು ಒಂದು ವಿಷಯವಾಗಿ ಕಲಿಸತೊಡಗಿದವು. ೨೦೧೯-೨೦ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲೀಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು.

ನನ್ನ ತಮ್ಮ ಮೂರನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಇಂಗ್ಲೀಷಿನಲ್ಲಿ ಗಿಡಗಳು ಆಹಾರ ತಯಾರಿಸುವ ಬಗೆಯನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ. ತಂದೆಯವರು ಹಿಗ್ಗಿದರು. ಅಂಗಳದ ನುಗ್ಗೆಯ ಎಲೆಯನ್ನು ತೋರಿಸಿ ನಾನು, "ಇದು ಏನು ಮಾಡುತ್ತೆ ಹೇಳು" ಎಂದೆ. ಅವನು ಸುಮ್ಮನೆ ನಿಂತ. ಅವನು ಹೇಳಿದ್ದು ಎಲೆಯ ವಿಷಯವೆಂದೇ ಅವನಿಗೆ ತಿಳಿದಿರಲಿಲ್ಲ. ನಾನು ಗೆದ್ದೆನೆಂದು ಬೀಗಿದೆ. ಆದರೆ ನನ್ನ ಕನ್ನಡ ಪುಸ್ತಕದಲ್ಲಿದ್ದ 'ದ್ಯುತಿಸಂಶ್ಲೇಷಣೆ' ಎಂಬ ಪದವೇನು ನಮ್ಮ ಅವ್ವ ಆಡುವ ಭಾಷೆಯೆ? ನನಗೆ ಅರ್ಥವಾದದ್ದು ಆ ಪದದಿಂದಲ್ಲ; ಮೇಷ್ಟ್ರು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಿ, ಎಲೆಯೊಂದಕ್ಕೆ ಕಪ್ಪು ಕಾಗದ ಕಟ್ಟಿಸಿ, ವಾರದ ಮೇಲೆ ಬಿಚ್ಚಿ ತೋರಿಸಿದ್ದರಿಂದ. ಅದನ್ನು ಅವರು ನಮ್ಮ ಮಾತಿನಲ್ಲಿ ವಿವರಿಸಿದ್ದರಿಂದ 'ಹಂಗಾದ್ರೆ ರಾತ್ರಿ ಗಿಡ ಉಪವಾಸಾನಾ ಸಾರ್?' ಎಂದು ಕೇಳುವುದು ನಮಗೆ ಸಾಧ್ಯವಾಯಿತು. ಮಗು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಬಲ್ಲುದೋ ಆ ಭಾಷೆಯಲ್ಲಿಯೇ ಅದು ಕಲಿಯುವುದು.

ಹಾಗೆಂದು ಇಂಗ್ಲೀಷು ಬೇಡವೆಂದು ನಾನು ಹೇಳಲಾರೆ. ಪಿ. ಯು. ಸಿ.ಗೆ ಬಂದ ಮೊದಲ ದಿನ ಇಂಗ್ಲೀಷ್ ತರಗತಿಯಲ್ಲಿ ನನ್ನ ಹೆಸರನ್ನು ಬಿಟ್ಟು ಬೇರೇನೂ ಹೇಳಲಾರದೆ ನಿಂತದ್ದನ್ನು ನಾನು ಮರೆತಿಲ್ಲ. ಇಂದಿಗೂ ಬ್ಯಾಂಕಿನ ಅರ್ಜಿಯನ್ನು ನಮ್ಮ ಮನೆಯಲ್ಲಿ ನಿರಾಯಾಸವಾಗಿ ತುಂಬುವವನು ತಮ್ಮನೇ ಹೊರತು ನಾನಲ್ಲ. ಆ ಭಾಷೆಯನ್ನು ಸರಕಾರಿ ಶಾಲೆ ಚೆನ್ನಾಗಿ ಕಲಿಸಬೇಕು. ಬಡವರಿಗೆ ಕನ್ನಡ, ಉಳ್ಳವರಿಗೆ ಇಂಗ್ಲೀಷ್ ಎಂಬ ಹಂಚಿಕೆಯನ್ನು ಯಾವ ಅಭಿಮಾನದ ಹೆಸರಿನಲ್ಲಿಯೂ ಒಪ್ಪಲಾಗದು. ಆದರೆ ಇಂಗ್ಲೀಷ್ ಕಲಿಯುವುದು ಬೇರೆ, ತಿಳಿಯದ ಇಂಗ್ಲೀಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ.

ಇನ್ನೊಂದು ಸಂಗತಿಯನ್ನು ನಮ್ಮಂಥ ಮನೆಗಳವರು ಮಾತ್ರ ಬಲ್ಲರು. ಖಾಸಗಿ ಶಾಲೆ ಮಗುವಿಗಷ್ಟೇ ಪಾಠ ಕೊಡುವುದಿಲ್ಲ. ಮನೆಗೂ ಪಾಠ ಕೊಡುತ್ತದೆ. ದಿನಚರಿ ಪುಸ್ತಕದಲ್ಲಿ ಇಂಗ್ಲೀಷಿನಲ್ಲಿ ಬರೆದು ಕಳುಹಿಸಿದ ಮನೆಗೆಲಸವನ್ನು ಓದಿ ಮಾಡಿಸುವವರು ಮನೆಯಲ್ಲಿದ್ದಾರೆಂಬ ನಂಬಿಕೆಯ ಮೇಲೆ ಆ ಶಾಲೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಓದುವವರು ಯಾರು? ತಾಯಿಯವರು ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ್ದಕ್ಕೆ ತಮ್ಮನನ್ನು ತರಗತಿಯಲ್ಲಿ ನಿಲ್ಲಿಸಿ ನಕ್ಕರಂತೆ. ಅಂದಿನಿಂದ ಅವನು ದಿನಚರಿಯನ್ನು ತಾಯಿಗೆ ತೋರಿಸುವುದನ್ನೇ ಬಿಟ್ಟ. ಮುಂದೆ ಟ್ಯೂಷನ್ನಿಗೆ ಬೇರೆ ದುಡ್ಡು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಭಾವನವರು ವಿಚಾರಿಸಿ ಬಂದ ಶಾಲೆಯಲ್ಲಿ ವರ್ಷಕ್ಕೆ ಶುಲ್ಕ ೧೮,೦೦೦ ರೂಪಾಯಿ, ವ್ಯಾನಿಗೆ ೯,೦೦೦, ಪುಸ್ತಕ ಬಟ್ಟೆ ಬೂಟುಗಳಿಗೆ ೫,೦೦೦, ಒಟ್ಟು ೩೨,೦೦೦. ಅಕ್ಕನಿಗೆ ಹೊಲದ ಕೆಲಸಕ್ಕೆ ದಿನಕ್ಕೆ ೩೦೦ ರೂಪಾಯಿ ಕೂಲಿ. ಎಂದರೆ ಒಂದು ಮಗುವಿನ ಒಂದು ವರ್ಷದ ಶಾಲೆಗಾಗಿ ಆಕೆ ೧೦೭ ದಿನ ಬಗ್ಗಿ ಕಳೆ ಕೀಳಬೇಕು. ಇದು ಮೊದಲ ವರ್ಷದ ಲೆಕ್ಕ. ಮೇಲಿನ ತರಗತಿಗೆ ಹೋದಂತೆ ಶುಲ್ಕವೂ ಮೇಲೇರುತ್ತದೆ. ನಡುವೆ ಒಂದು ವರ್ಷ ಮಳೆ ಹೋದರೆ? ನಮ್ಮ ತಮ್ಮನಿಗೆ ಆದದ್ದು ಅದೇ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಜಾಡ್ಯದಿಂದ ಎಲ್ಲವೂ ಮುಚ್ಚಿ, ಈರುಳ್ಳಿ ಹೊಲದಲ್ಲಿಯೇ ಕೊಳೆತ ವರ್ಷ ಶುಲ್ಕ ಬಾಕಿ ನಿಂತಿತು. ಬಾಕಿ ತೀರುವವರೆಗೆ ವರ್ಗಾವಣೆ ಪತ್ರ ಕೊಡಲಿಲ್ಲ. ಅವ್ವನ ಓಲೆ ಅಡವಿಟ್ಟು ಪತ್ರ ತಂದು ಅವನನ್ನು ಏಳನೆಯ ತರಗತಿಗೆ ಪಕ್ಕದ ಊರಿನ ಸರಕಾರಿ ಶಾಲೆಗೆ ಸೇರಿಸಿದೆವು. ಆ ವರ್ಷ 'ವಿದ್ಯಾಗಮ' ಎಂಬ ಯೋಜನೆಯಲ್ಲಿ ಉಪಾಧ್ಯಾಯರು ಊರೂರಿಗೆ ಬಂದು ಮರದ ಕೆಳಗೆ ಪಾಠ ಮಾಡುತ್ತಿದ್ದರು. ಹನ್ನೆರಡು ವರ್ಷದ ತಮ್ಮ ಕನ್ನಡದ ಒತ್ತಕ್ಷರ ಬಾರದೆ ಚಿಕ್ಕ ಮಕ್ಕಳ ಸಾಲಿನಲ್ಲಿ ಕುಳಿತು ಅಳುತ್ತಿದ್ದ.

ಅವನೊಬ್ಬನೇ ಅಲ್ಲ. ಅಸರ್ ವರದಿಗಳಂತೆ, ಗ್ರಾಮಾಂತರ ಭಾರತದಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಸರಕಾರಿ ಶಾಲೆಯಲ್ಲಿದ್ದವರು ೨೦೧೮ರಲ್ಲಿ ಶೇಕಡಾ ೬೫.೬, ೨೦೨೨ರಲ್ಲಿ ೭೨.೯, ೨೦೨೪ರ ಹೊತ್ತಿಗೆ ಮತ್ತೆ ೬೬.೮. ಕಷ್ಟ ಬಂದಾಗ ಬಂದರು, ಕಷ್ಟ ಕಳೆದಾಗ ಹೋದರು. ಬಂದವರನ್ನು ಉಳಿಸಿಕೊಳ್ಳಲು ಸರಕಾರಿ ಶಾಲೆಗಳಿಗೆ ಒದಗಿದ ದೊಡ್ಡ ಅವಕಾಶ ಕೈತಪ್ಪಿಹೋಯಿತು.

ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿಯೇ ಸ್ಥಾನ ಕೊಡಿಸುವ ದಾರಿಯೊಂದಿತ್ತಲ್ಲವೆ ಎಂದು ವಾಚಕರು ಕೇಳಬಹುದು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಅನುದಾನರಹಿತ ಶಾಲೆಗಳು ಪ್ರಾರಂಭದ ತರಗತಿಯಲ್ಲಿ ಶೇಕಡಾ ೨೫ ಸ್ಥಾನಗಳನ್ನು ದುರ್ಬಲ ವರ್ಗದವರಿಗೆ ಮೀಸಲಿಡಬೇಕು. ನಮ್ಮ ರಾಜ್ಯದಲ್ಲಿ ಇದು ೨೦೧೨-೧೩ರಿಂದ ನಡೆಯಿತು. ೨೦೧೯ರಲ್ಲಿ ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸ್ಥಾನ ದೊರೆಯದಂತಾಯಿತು. ಸರಕಾರಿ ಶಾಲೆಗಳು ಖಾಲಿಯಾಗುವುದನ್ನು ತಡೆಯುವುದಕ್ಕೆಂದು ಹೇಳಿದರು. ಉದ್ದೇಶ ಒಳ್ಳೆಯದಿರಬಹುದು. ಆದರೆ ಉಳ್ಳವರು ಹೋಗುವ ಬಾಗಿಲು ತೆರೆದೇ ಇದ್ದು ಬಡವರು ಹೋಗುವ ಬಾಗಿಲು ಮಾತ್ರ ಮುಚ್ಚಿದರೆ, ಶಾಲೆ ತುಂಬುವುದೇ ಹೊರತು ಸುಧಾರಿಸುವುದಿಲ್ಲ.

ಕೊಠಾರಿ ಆಯೋಗವು ೧೯೬೬ರಲ್ಲಿಯೇ ಇದನ್ನು ಕಂಡಿತ್ತು. ಎಲ್ಲರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ಪದ್ಧತಿಯನ್ನು ಅದು ಸೂಚಿಸಿತು. ಅದರ ಮರ್ಮ ಸರಳವಾದದ್ದು. ಗೌಡರ ಮಗ, ಡಾಕ್ಟರರ ಮಗಳು, ಕೂಲಿಯವನ ಮಗ ಒಂದೇ ಶಾಲೆಯಲ್ಲಿದ್ದರೆ, ಉಪಾಧ್ಯಾಯರಿಲ್ಲದ ದಿನ ಕೇಳುವವರಿರುತ್ತಾರೆ. ಕೇಳಬಲ್ಲವರೆಲ್ಲ ತಮ್ಮ ಮಕ್ಕಳನ್ನು ಕರೆದುಕೊಂಡು ಹೊರಟುಹೋದರೆ ಉಳಿಯುವವರು ಕೇಳಲಾರದವರು. ಆಗ ಶಾಲೆ ಸೊರಗುತ್ತದೆ; ಸೊರಗಿದ್ದನ್ನು ನೋಡಿ ಇನ್ನಷ್ಟು ಮಂದಿ ಹೋಗುತ್ತಾರೆ; ಸಂಖ್ಯೆ ಇಳಿಯಿತೆಂದು 'ಹೆಚ್ಚುವರಿ' ಉಪಾಧ್ಯಾಯರನ್ನು ಬೇರೆಡೆಗೆ ಕಳುಹಿಸುತ್ತಾರೆ. ನಮ್ಮೂರಿನಲ್ಲಿ ಅರವತ್ತು ಇಪ್ಪತ್ತಮೂರಾದದ್ದು ಹೀಗೆ. ನಮ್ಮ ತಂದೆಯವರೂ ಅದಕ್ಕೆ ಒಬ್ಬನನ್ನು ಕಳೆದವರೇ.

ಇಷ್ಟನ್ನು ವಿಚಾರಿಸಿದ ಮೇಲೆ ನನಗೆ ತೋರಿದ್ದು ಇದು. ಶಾಲೆಯ ಗುಣ ಅದರ ಹಲಗೆಯ ಮೇಲೆ ಬರೆದಿರುವುದಿಲ್ಲ. ಯಾವ ಶಾಲೆಯೇ ಆಗಲಿ, ಸೇರಿಸುವ ಮೊದಲು ಐದು ಪ್ರಶ್ನೆಗಳನ್ನು ಕೇಳಬೇಕು. ಹೋದ ವರ್ಷ ಕಲಿಸಿದ ಉಪಾಧ್ಯಾಯರು ಈ ವರ್ಷವೂ ಇದ್ದಾರೆಯೆ, ಪಾಠದ ಹೊತ್ತಿನಲ್ಲಿ ತರಗತಿಯಲ್ಲಿ ಇರುತ್ತಾರೆಯೆ? ಮಗು ತನ್ನ ಮಾತಿನಲ್ಲಿ ಪ್ರಶ್ನೆ ಕೇಳಬಹುದೆ? ಮನೆಗೆಲಸ ಮಾಡಿಸುವವರು ಮನೆಯಲ್ಲಿ ಯಾರು? ಮಗು ದಿನಕ್ಕೆ ಎಷ್ಟು ಹೊತ್ತು ದಾರಿಯಲ್ಲಿ ಕಳೆಯಬೇಕು? ಕೆಟ್ಟ ಬೆಳೆಯ ವರ್ಷವೂ ಸೇರಿ ಹತ್ತನೆಯ ತರಗತಿಯವರೆಗೆ ಖರ್ಚು ತಡೆಯುವ ಶಕ್ತಿ ಇದೆಯೆ? ನಡುವೆ ಬಿಡಿಸಿ ತರುವುದಕ್ಕಿಂತ ಸೇರಿಸದಿರುವುದು ಮೇಲು.

ಇದಕ್ಕೆ ಆರನೆಯದೊಂದನ್ನು ನಾನು ನನ್ನ ಕಡೆಯಿಂದ ಸೇರಿಸುತ್ತೇನೆ: ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ, ಗಂಡಿಗೊಂದು ಹೆಣ್ಣಿಗೊಂದು ಶಾಲೆ ಮಾಡುತ್ತಿದ್ದೇವೆಯೆ? ಹಳ್ಳಿಗಳಲ್ಲಿ ಖಾಸಗಿ ಶಾಲೆಯ ವ್ಯಾನಿನಲ್ಲಿ ಹುಡುಗರೇ ಹೆಚ್ಚು, ಸರಕಾರಿ ಶಾಲೆಯ ಬೆಂಚಿನ ಮೇಲೆ ಹುಡುಗಿಯರೇ ಹೆಚ್ಚು. ನನಗೆ ಸರಕಾರಿ ಶಾಲೆ ಸಿಕ್ಕಿದ್ದಕ್ಕೆ ದುಃಖವಿಲ್ಲ. ಆದರೆ ಅದು ಒಳ್ಳೆಯದೆಂದಲ್ಲ, ನನಗೆ ಅಷ್ಟು ಸಾಕೆಂದು ನನ್ನನ್ನು ಅಲ್ಲಿಗೆ ಸೇರಿಸಿದ್ದರು. ಆ ನೋವು ಒಳಗೆ ಇದ್ದೇ ಇದೆ.

ಯುಗಾದಿಗೆ ಊರಿಗೆ ಹೋದಾಗ ಅಕ್ಕ ಭಾವ ಇಬ್ಬರನ್ನೂ ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಇಬ್ಬರು ಮಕ್ಕಳನ್ನೂ ಊರಿನ ಶಾಲೆಗೇ ಕಳುಹಿಸಿರಿ. ವ್ಯಾನಿನ ದುಡ್ಡಿನಲ್ಲಿ ಅರ್ಧವನ್ನು ಮುಂದಿನ ಓದಿಗೆ ಇಡಿರಿ. ಇಂಗ್ಲೀಷನ್ನು ನಾನೂ ತಮ್ಮನೂ ರಜೆಗಳಲ್ಲಿ ಹೇಳಿಕೊಡುತ್ತೇವೆ ಎಂದೆ. ಒಂದು ಶರತ್ತನ್ನೂ ಹಾಕಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮಕ್ಕಳ ತಂದೆತಾಯಿಯರೇ ಹೆಚ್ಚಾಗಿರಬೇಕು. ಶಿಕ್ಷಣ ಹಕ್ಕು ಕಾಯಿದೆ ಹೇಳುವಂತೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆ ಶಾಲೆಯಲ್ಲಿ ಮಗುವಿದ್ದವರಿಗಷ್ಟೇ ಆ ಸ್ಥಾನ. ಅಲ್ಲಿ ಕುಳಿತು, ಉಪಾಧ್ಯಾಯರು ಎಷ್ಟು ದಿನ ಹೊರಗೆ ಹೋದರು, ಅತಿಥಿ ಶಿಕ್ಷಕರನ್ನು ಏಕೆ ಕೇಳಲಿಲ್ಲ ಎಂದು ಪ್ರತಿ ತಿಂಗಳೂ ವಿಚಾರಿಸಬೇಕು ಎಂದೆ. ಶಾಲೆಯಲ್ಲಿ ಉಪಾಧ್ಯಾಯರೇ ಇಲ್ಲವಾದರೆ, ಕೇಳಿದರೂ ಬಾರದಿದ್ದರೆ, ಆಗ ಬಿಡಿಸಿರಿ ಎಂದೂ ಹೇಳಿದೆ. ಸಿದ್ಧಾಂತಕ್ಕಾಗಿ ಯಾರೂ ತಮ್ಮ ಮಗುವನ್ನು ಬಲಿ ಕೊಡಬೇಕಾಗಿಲ್ಲ.

ಭಾವನವರು, "ನೋಡೋಣಮ್ಮ" ಎಂದರು. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮಗನ ವಿಷಯ ಬಂದಾಗ ಅವರ ಮುಖ ಸಣ್ಣದಾಗುತ್ತದೆ, ಅವರಿಗೂ ಆಸೆಯಿಲ್ಲವೆ? ಐದನೆಯ ತರಗತಿಗೆ ಓದು ನಿಲ್ಲಿಸಿದ ಅಕ್ಕ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಆ ಸಮಿತೀಲಿ ನನ್ನಂಥೋಳು ಕೂರಬಹುದಾ?" ಎಂದು ಕೇಳಿದಳು. ಕೂರಬಹುದು, ಕಾಯಿದೆಯೇ ಹೇಳಿದೆ ಎಂದೆ. "ಹಂಗಾದ್ರೆ ಏನೇನು ಕೇಳಬೇಕು ಅಂತ ಒಂದು ಹಾಳೇಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು ಹೋಗು" ಎಂದಳು.

ಬರೆದುಕೊಟ್ಟು ಬಂದಿದ್ದೇನೆ. ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು ತಮ್ಮ ಮನೆಗೆ ಮೊದಲ ಪದವೀಧರರು. ನಮ್ಮಲ್ಲಿ ಕೆಲವರು ನಾಳೆ ಉಪಾಧ್ಯಾಯರೂ ಆಗುವರು. ನಮ್ಮನ್ನು ಇಲ್ಲಿಯವರೆಗೆ ತಂದ ಶಾಲೆಗಳ ಮುಂದೆ ಹಾದುಹೋಗುವಾಗ ಒಳಗೆ ಹೋಗಿ ಒಂದು ಪ್ರಶ್ನೆ ಕೇಳುವಷ್ಟು ಸಾಲವಾದರೂ ನಮ್ಮ ಮೇಲಿದೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಲೇಖನದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುತ್ತೇನೆ.